ಮೈಕ್ರೊಕಂಟ್ರೋಲರ್ ಪಿನ್ ಒಳಗೆ ಏನ್ ನಡೀತಿದೆ: ಎಲ್ಇಡಿಯಿಂದ ರಿಲೇವರೆಗೆ ಮಾಡಿ ನೋಡಿ ಕಲಿಯೋ ಸಮಗ್ರ ಮಾರ್ಗದರ್ಶಿ

ಆರ್ಡುಯಿನೊ (ಮೈಕ್ರೊಕಂಟ್ರೋಲರ್ ಅನ್ನೋ ಪುಟ್ಟ ಕಂಪ್ಯೂಟರ್ ಚಿಪ್ ಇರೋ ಬೋರ್ಡ್) ತಗೊಂಡು ಮೊದಲನೇ ದಿನ ಲೈಟ್ ಮಿಣಮಿಣ ಅನ್ನಿಸಿದವ್ರು ಎರಡನೇ ವಾರಕ್ಕೆ ಬಂದು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಬಟನ್ ಒತ್ತದೇ ಇದ್ರೂ ಲೈಟ್ ಹತ್ತತ್ತೆ, ಸೆನ್ಸರ್ ರೀಡಿಂಗ್ ತಾನಾಗೇ ಕುಣಿಯತ್ತೆ, ಮೋಟರ್ ಹಾಕಿದ್ ತಕ್ಷಣ ಬೋರ್ಡ್ ರೀಸೆಟ್ ಆಗತ್ತೆ, ಕೋಡ್ ಸರಿ ಇದೆ ಆದ್ರೂ ಯಾಕೆ ಹೀಗೆ? ಕೋಡ್ ಬಹಳ ಸಲ ನಿಜವಾಗ್ಲೂ ಸರಿನೇ ಇರತ್ತೆ. ತಪ್ಪಿರೋದು ಪಿನ್, ಅಂದ್ರೆ ಹೊರಗಿನ ವೈರ್ ಸೇರೋ ಚಿಪ್ ಕಾಲಿನ ಬಗ್ಗೆ ನಾವು ಅಂದ್ಕೊಂಡಿರೋದ್ರಲ್ಲಿ. ಔಟ್‌ಪುಟ್ ಪಿನ್ ಅನ್ನೋದು ಬ್ಯಾಟರಿ ಅಲ್ಲ, ಅದಕ್ಕೆ ಇಷ್ಟೇ ತಾಕತ್ತು ಅಂತ ಲೆಕ್ಕ ಇದೆ. ಇನ್‌ಪುಟ್ ಪಿನ್ ಬರೀ ಕಿವಿ, ಅದಕ್ಕೆ ಯಾರೂ ಏನೂ ಹೇಳ್ದೇ ಇದ್ರೆ ಗಾಳೀಲಿ ಬಂದಿದ್ದನ್ನೇ ಕೇಳಿಸ್ಕೊಳ್ಳತ್ತೆ. ಈ ಎರಡು ಮಾತು ಓದಿದ್ರೆ ತಲೇಲಿ ನಿಲ್ಲಲ್ಲ, ಕೈಯಲ್ಲಿ ಮಾಡಿ ನೋಡಿದ್ರೆ ಮರ್ಯಲ್ಲ, ಅದಕ್ಕೇ ಇಲ್ಲಿ ಸುಮಾರು ಪ್ರಯೋಗಗಳಲ್ಲಿ ಮೊದ್ಲು ಬೇಕಂತಲೇ ತಪ್ಪು ಮಾಡಿಸಿ ಆಮೇಲೆ ಸರಿ ಮಾಡಿಸ್ತೀನಿ.

ನಾನು ಹೇಳ್ತಿರೋದು ಆರ್ಡುಯಿನೊ ಊನೊ ಆರ್3 ಬೋರ್ಡ್‌ಗೆ, ಅಂದ್ರೆ ಎಟಿಮೆಗಾ328ಪಿ ಚಿಪ್ ಇರೋದಕ್ಕೆ. ಕೊನೇ ಹಂತ ಒಂದು ಬಿಟ್ರೆ ಕೋಡ್ ಏನೂ ಹೊಸದಾಗಿ ಟೈಪ್ ಮಾಡೋದು ಬೇಡ, ಆರ್ಡುಯಿನೊ ಸಾಫ್ಟ್‌ವೇರ್‌ನ ಫೈಲ್ ಮೆನುಲಿ ಎಕ್ಸಾಂಪಲ್ಸ್ ಅಂತ ಇರತ್ತಲ್ಲ, ಅಲ್ಲಿರೋದನ್ನೇ ತೆಗೆದು ಒಂದೆರಡು ನಂಬರ್ ಬದಲಾಯಿಸಿದ್ರೆ ಸಾಕು. ಹಂತಗಳ ಕ್ರಮ ಮಾತ್ರ ತಪ್ಪಿಸ್ಬೇಡಿ, ಮುಖ್ಯವಾಗಿ ಐದನೇದು.

ಮೊದ್ಲು ಸಾಮಾನು

ಊನೊ ಬೋರ್ಡ್, ಯುಎಸ್‌ಬಿ ಕೇಬಲ್, ಬ್ರೆಡ್‌ಬೋರ್ಡ್ (ತೂತಿಗೆ ಚುಚ್ಚಿ ಸರ್ಕ್ಯೂಟ್ ಜೋಡಿಸೋ ಹಲಗೆ), ಜಂಪರ್ ವೈರ್, ಕೆಂಪು ಎಲ್ಇಡಿ ನಾಲ್ಕೈದು, 220 ಓಮ್, 1ಕೆ (ಅಂದ್ರೆ 1000 ಓಮ್) ಮತ್ತು 10ಕೆ ರೆಸಿಸ್ಟರ್ ಹತ್ತತ್ತು, ಪುಶ್ ಬಟನ್ ಎರಡು, 10ಕೆ ಪೊಟೆನ್ಶಿಯೋಮೀಟರ್ (ನಾಬ್ ತಿರುಗಿಸಿ ಬದಲಾಯಿಸೋ ರೆಸಿಸ್ಟರ್) ಒಂದು, ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗೋ ರೆಸಿಸ್ಟರ್) ಒಂದು, ಬಿಸಿ547 ಟ್ರಾನ್ಸಿಸ್ಟರ್, 1ಎನ್4007 ಡಯೋಡ್, 5 ವೋಲ್ಟ್ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ರೆ ಆನ್ ಆಗೋ ಸ್ವಿಚ್). ಬೆಂಗಳೂರಲ್ಲಿರೋರಿಗೆ ಎಸ್.ಪಿ. ರೋಡಲ್ಲಿ ಒಂದೇ ಸುತ್ತಿಗೆ ಎಲ್ಲಾ ಸಿಗತ್ತೆ, ಬೇರೆ ಊರವ್ರು ಆನ್‌ಲೈನಲ್ಲಿ ತರಿಸ್ಕೊಳ್ಳಿ.

ಇದರ ಜೊತೆ ಒಂದು ಮಲ್ಟಿಮೀಟರ್ ಬೇಕೇ ಬೇಕು. ದುಡ್ಡು ಕಮ್ಮಿ ಇದ್ರೆ ಎರಡು ಸೆನ್ಸರ್ ಬಿಟ್ಟು ಮೀಟರ್ ತಗೊಳ್ಳಿ ಅಂತ ನಾನು ಖಂಡಿತ ಹೇಳ್ತೀನಿ, ಯಾಕಂದ್ರೆ ಪಿನ್ ಮೇಲೆ ಏನಿದೆ ಅಂತ ಕಣ್ಣಿಗೆ ಕಾಣಲ್ಲ, ಮೀಟರ್ ಇಲ್ದೇ ಇದ್ರೆ ಬರೀ ಊಹೆ ಮೇಲೆ ವೈರ್ ಕಿತ್ತು ಕಿತ್ತು ಹಾಕ್ತಾ ಕೂತಿರ್ತೀವಿ. ಕೆಂಪು ಪ್ರೋಬ್ 10 ಆಂಪ್ ಅಂತ ಬರೆದಿರೋ ತೂತಲ್ಲಿ ಇದ್ರೆ ಆ ಸ್ಥಿತೀಲಿ ವೋಲ್ಟೇಜ್ ಅಳೆಯೋಕೆ ಹೋಗ್ಬೇಡಿ, ಅದು ಮೀಟರ್ ಅಲ್ಲ ಆವಾಗ, ನೇರ ಶಾರ್ಟ್ ಸರ್ಕ್ಯೂಟ್.

ರೆಸಿಸ್ಟರ್ ಬಣ್ಣ: 220 ಓಮ್ ಅಂದ್ರೆ ಕೆಂಪು, ಕೆಂಪು, ಕಂದು. 1ಕೆ ಅಂದ್ರೆ ಕಂದು, ಕಪ್ಪು, ಕೆಂಪು. 10ಕೆ ಅಂದ್ರೆ ಕಂದು, ಕಪ್ಪು, ಕಿತ್ತಳೆ. ಐದು ಪಟ್ಟಿ ಇರೋ ನೀಲಿ ರೆಸಿಸ್ಟರ್ ಬಂದಿದ್ರೆ ಈ ಲೆಕ್ಕ ಹೊಂದಲ್ಲ, ಆವಾಗ ಬಣ್ಣ ನೋಡ್ತಾ ತಲೆ ಕೆಡಿಸ್ಕೊಳ್ಳೋ ಬದ್ಲು ಮೀಟರಲ್ಲಿ ಅಳೆದು ಬಿಡಿ.

ಹಂತ 1: ಬೋರ್ಡ್ ಮತ್ತು ಕಂಪ್ಯೂಟರ್ ಮಾತಾಡ್ತಿದ್ಯಾ ನೋಡ್ಕೊಳ್ಳಿ

ಏನೂ ಕನೆಕ್ಟ್ ಮಾಡ್ಬೇಡಿ. ಎಕ್ಸಾಂಪಲ್ಸ್ ಒಳಗೆ ಬೇಸಿಕ್ಸ್, ಅದರೊಳಗೆ ಬ್ಲಿಂಕ್ ತೆಗೆದು ಅಪ್‌ಲೋಡ್ ಮಾಡಿ. ಬೋರ್ಡ್ ಮೇಲೆ 13ನೇ ಪಿನ್‌ಗೆ ಸೇರಿರೋ ಸಣ್ಣ ಲೈಟ್ ಒಂದು ಸೆಕೆಂಡ್ ಹತ್ತಿ ಒಂದು ಸೆಕೆಂಡ್ ಆರ್ಬೇಕು. ಡಿಲೇ ಅಂತಿರೋ ಕಡೆ 1000 ತೆಗೆದು 100 ಹಾಕಿ ಮತ್ತೆ ಅಪ್‌ಲೋಡ್ ಮಾಡಿ, ವೇಗ ಬದಲಾಯ್ತಾ ನೋಡಿ. ಈ ಎರಡನೇ ಸಲದ್ದು ಮುಖ್ಯ, ಯಾಕಂದ್ರೆ ಹೊಸ ಬೋರ್ಡಲ್ಲಿ ಫ್ಯಾಕ್ಟರಿಯಿಂದಲೇ ಬ್ಲಿಂಕ್ ಹಾಕಿರ್ತಾರೆ, ನಿಮ್ ಅಪ್‌ಲೋಡ್ ಫೇಲ್ ಆಗಿದ್ರೂ ಲೈಟ್ ಮಿಣಮಿಣ ಅಂತಾನೇ ಇರತ್ತೆ.

ಪೋರ್ಟ್ ಲಿಸ್ಟಲ್ಲಿ ಏನೂ ಕಾಣ್ತಿಲ್ಲ ಅಂದ್ರೆ ಕಾರಣ ಸಾಮಾನ್ಯವಾಗಿ ಎರಡೇ. ಒಂದು, ಕೇಬಲ್ ಬರೀ ಚಾರ್ಜಿಂಗ್ ಕೇಬಲ್, ಒಳಗೆ ಡೇಟಾ ವೈರೇ ಇರಲ್ಲ. ಇನ್ನೊಂದು, ಕಡಿಮೆ ಬೆಲೆ ಬೋರ್ಡಲ್ಲಿ ಸಿಎಚ್340 ಅನ್ನೋ ಯುಎಸ್‌ಬಿ ಚಿಪ್ ಇರತ್ತೆ, ಅದರ ಡ್ರೈವರ್ ಇನ್‌ಸ್ಟಾಲ್ ಆಗಿರಲ್ಲ. ಮೊದ್ಲು ಕೇಬಲ್ ಬದಲಾಯಿಸಿ ನೋಡಿ, ಆಮೇಲೆ ಡ್ರೈವರ್.

ಹಂತ 2: ಬ್ರೆಡ್‌ಬೋರ್ಡ್ ನಂಬೋದಕ್ಕೆ ಮುಂಚೆ ಚೆಕ್ ಮಾಡಿ

ಮಲ್ಟಿಮೀಟರನ್ನ ಬೀಪ್ ಬರೋ ಮೋಡಿಗೆ ಇಟ್ಟು ಎರಡು ವೈರ್ ತುಂಡು ಹಿಡ್ಕೊಂಡು ತೂತುಗಳನ್ನ ಪರೀಕ್ಷೆ ಮಾಡಿ. ಮಧ್ಯದಲ್ಲಿ ಒಂದೇ ಸಾಲಲ್ಲಿರೋ ಐದು ತೂತು ಒಳಗೆ ಸೇರಿರತ್ತೆ, ನಡುವಿನ ಕಾಲುವೆ ದಾಟಿದ್ರೆ ಸೇರಿರಲ್ಲ. ಅಂಚಲ್ಲಿರೋ ಕೆಂಪು ನೀಲಿ ಪಟ್ಟಿ ಉದ್ದಕ್ಕೂ ಸೇರಿರತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ, ಆದ್ರೆ ಕೆಲವು ಉದ್ದದ ಬ್ರೆಡ್‌ಬೋರ್ಡಲ್ಲಿ ಅದು ಅರ್ಧಕ್ಕೆ ತುಂಡಾಗಿರತ್ತೆ, ಮೇಲಿನ ಗೆರೆ ಮಧ್ಯದಲ್ಲಿ ನಿಂತಿದ್ರೆ ಅದೇ ಗುರುತು. ಅರ್ಧ ಸರ್ಕ್ಯೂಟ್ ಕೆಲಸ ಮಾಡಿ ಇನ್ನರ್ಧ ಸತ್ತಂತಿದ್ರೆ ಮೊದ್ಲು ಇಲ್ಲಿ ನೋಡಿ.

ಇನ್ನು ಮುಂದೆ ಪ್ರತಿ ಸಲ ವೈರ್ ಬದಲಾಯಿಸೋವಾಗ ಯುಎಸ್‌ಬಿ ಕಿತ್ತು ಬದಲಾಯಿಸಿ. ಎರಡು ಸೆಕೆಂಡ್ ಕೆಲಸ, ಆದ್ರೆ ಬೋರ್ಡ್ ಉಳ್ಸತ್ತೆ.

ಹಂತ 3: ಔಟ್‌ಪುಟ್ ಪಿನ್‌ನ ತಾಕತ್ತು ಅಳೆಯೋದು

8ನೇ ಪಿನ್‌ನಿಂದ 220 ಓಮ್ ರೆಸಿಸ್ಟರ್, ಅಲ್ಲಿಂದ ಎಲ್ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡಿಗೆ. ಬ್ಲಿಂಕ್ ಕೋಡಲ್ಲಿ ಎಲ್ಇಡಿ ಬಿಲ್ಟಿನ್ ಅನ್ನೋ ಹೆಸರು ಮೂರು ಕಡೆ ಇದೆ, ಮೂರೂ ಕಡೆ ಅದನ್ನ ತೆಗೆದು 8 ಅಂತ ಹಾಕಿ. ಡಿಲೇ ಎರಡೂ 5000 ಮಾಡಿ, ಅಳೆಯೋಕೆ ಟೈಮ್ ಬೇಕಲ್ಲ.

ಮೊದ್ಲು ಎಲ್ಇಡಿ ತೆಗೆದಿಟ್ಟು, ಪಿನ್ ಹೈ, ಅಂದ್ರೆ 5 ವೋಲ್ಟ್ ಕೊಡೋ ಸ್ಥಿತೀಲಿ ಇದ್ದಾಗ 8ನೇ ಪಿನ್ ಮತ್ತು ಗ್ರೌಂಡ್ ನಡುವೆ ಅಳೀರಿ, 5 ವೋಲ್ಟ್ ಹತ್ರ ಬರತ್ತೆ. ಈಗ ಎಲ್ಇಡಿ ಹಾಕಿ ಅದೇ ಜಾಗದಲ್ಲಿ ಅಳೀರಿ, ಸ್ವಲ್ಪ ಇಳಿದಿರತ್ತೆ, 4.7 ಆಸುಪಾಸು. ಕೆಲಸ ಹೇಳಿದ್ ತಕ್ಷಣ ವೋಲ್ಟೇಜ್ ಕುಸಿಯತ್ತೆ ಅಂದ್ರೆ ಪಿನ್ ಒಳಗೇ ಸುಮಾರು 25 ಓಮ್‌ನಷ್ಟು ರೆಸಿಸ್ಟೆನ್ಸ್ ಕೂತಿದೆ ಅಂತ ಅರ್ಥ. ಇನ್ನು ರೆಸಿಸ್ಟರ್‌ನ ಎರಡೂ ತುದಿ ನಡುವೆ ಅಳೀರಿ, 2.8 ಬಂತು ಅಂತಿಟ್ಕೊಳ್ಳಿ, ಅದನ್ನ 220ರಿಂದ ಭಾಗಿಸಿದ್ರೆ ಸುಮಾರು 13 ಮಿಲಿಆಂಪ್. ಅಷ್ಟು ಕರೆಂಟ್ ನಿಮ್ ಎಲ್ಇಡಿಲಿ ಹರೀತಿದೆ.

ಈ ಚಿಪ್‌ಗೆ ಒಂದು ಪಿನ್‌ನಿಂದ 20 ಮಿಲಿಆಂಪ್ ಆರಾಮ್, 40 ಅನ್ನೋದು ದಾಟಲೇಬಾರದ ಗೆರೆ, ಎಲ್ಲಾ ಪಿನ್ ಸೇರಿ ಇಡೀ ಚಿಪ್‌ಗೆ 200. ಹತ್ತು ಎಲ್ಇಡಿ ಒಟ್ಟಿಗೆ ಹಾಕಿ ಒಂದೊಂದಕ್ಕೂ 20 ಕೊಟ್ರೆ ಒಂದೊಂದು ಪಿನ್ ಲೆಕ್ಕದಲ್ಲಿ ಸರಿ, ಒಟ್ಟು ಲೆಕ್ಕದಲ್ಲಿ ಅಂಚಿಗೆ ಬಂದು ನಿಂತಿದೀರ. ರೆಸಿಸ್ಟರ್ ಇಲ್ದೇ ಎಲ್ಇಡಿ ಹಾಕಿದ್ರೂ ಹತ್ತತ್ತಲ್ಲ ಅಂತ ಕೇಳೋರಿದ್ದಾರೆ. ಹತ್ತತ್ತೆ, ಪಿನ್ ಒಳಗಿನ ಆ 25 ಓಮ್ ಒಂದೇ ಆವಾಗ ಅಡ್ಡ ಇರೋದು, ಲೆಕ್ಕ ಹಾಕಿ ನೋಡಿ, ಗೆರೆ ಯಾವಾಗ್ಲೋ ದಾಟಿರತ್ತೆ. ಇವತ್ತು ನಡೀತು ಅಂತ ಬಿಟ್ಟ ಪಿನ್ ಇನ್ಯಾವತ್ತೋ ಒಂದಿನ ಸುಮ್ನೆ ಸತ್ತಿರತ್ತೆ.

ಈಗ ಬೇಕಂತಲೇ ತಪ್ಪು. ಕೋಡಲ್ಲಿ ಸೆಟಪ್ ಒಳಗಿರೋ ಪಿನ್‌ಮೋಡ್ ಸಾಲನ್ನ (ಪಿನ್ ಇನ್‌ಪುಟ್ಟಾ ಔಟ್‌ಪುಟ್ಟಾ ಅಂತ ಹೇಳೋದು) ಅಳಿಸಿ ಅಪ್‌ಲೋಡ್ ಮಾಡಿ. ಎಲ್ಇಡಿ ಪೂರ್ತಿ ಆರಲ್ಲ, ಬಹಳ ಮಂಕಾಗಿ, ಕೋಣೆ ಕತ್ತಲೆ ಮಾಡಿದ್ರೆ ಗೊತ್ತಾಗೋ ಹಾಗೆ ಮಿಣಕ್ ಅನ್ನತ್ತೆ. ಪಿನ್ ಇನ್ನೂ ಇನ್‌ಪುಟ್ ಆಗೇ ಇದೆ, ಹೈ ಅಂತ ಬರೆದಾಗ ಒಳಗಿನ ಪುಲ್‌ಅಪ್ ರೆಸಿಸ್ಟರ್ (ಪಿನ್ನನ್ನ ಮೆತ್ತಗೆ 5 ವೋಲ್ಟ್ ಕಡೆಗೆ ಎಳೆದಿಡೋದು) ಮಾತ್ರ ಆನ್ ಆಗಿ ಅದರ ಮೂಲಕ ಒಂದು ಚೂರು ಕರೆಂಟ್ ಬರ್ತಿದೆ. ಇದನ್ನ ಚೆನ್ನಾಗಿ ನೋಡಿಟ್ಕೊಳ್ಳಿ, ಯಾಕಂದ್ರೆ ಮೂರು ಕಡೆ ಬದಲಾಯಿಸೋದ್ರಲ್ಲಿ ಎರಡೇ ಕಡೆ ಬದಲಾಯಿಸಿ ಪಿನ್‌ಮೋಡ್ ಬಿಟ್ಟುಬಿಡೋದು ಪದೇ ಪದೇ ಆಗೋ ತಪ್ಪು. ಮಂಕು ಎಲ್ಇಡಿ ಕಂಡ್ರೆ ಮೊದಲನೇ ಅನುಮಾನ ಪಿನ್‌ಮೋಡ್ ಮೇಲೆ.

ಹಂತ 4: ಅದೇ ಎಲ್ಇಡಿ, ಉಲ್ಟಾ ಕನೆಕ್ಷನ್

ಪಿನ್‌ಮೋಡ್ ಸಾಲು ವಾಪಸ್ ಹಾಕಿ. ಈಗ ಉದ್ದ ಕಾಲನ್ನ ರೆಸಿಸ್ಟರ್ ಮೂಲಕ 5 ವೋಲ್ಟಿಗೆ, ಗಿಡ್ಡ ಕಾಲನ್ನ 8ನೇ ಪಿನ್‌ಗೆ. ಕೋಡ್ ಮುಟ್ಬೇಡಿ. ಲೋ ಅಂದಾಗ ಹತ್ತತ್ತೆ, ಹೈ ಅಂದಾಗ ಆರತ್ತೆ. ಲೋ ಅಂದ್ರೆ ಪಿನ್ ಆಫ್ ಆಯ್ತು ಅಂತಲ್ಲ, ಪಿನ್ ಗ್ರೌಂಡಿಗೆ ಬಲವಾಗಿ ಎಳೀತಿದೆ ಅಂತ. ಹೈ ಅಂದ್ರೆ 5 ವೋಲ್ಟ್ ಕಡೆಗೆ ತಳ್ಳತ್ತೆ, ಲೋ ಅಂದ್ರೆ ಗ್ರೌಂಡ್ ಕಡೆಗೆ ಎಳೆಯತ್ತೆ, ಎರಡೂ ಕೆಲಸಾನೇ. ಅಂಗಡೀಲಿ ಸಿಗೋ ಸುಮಾರು ರಿಲೇ ಮಾಡ್ಯೂಲ್‌ಗಳು ಲೋ ಕೊಟ್ರೆ ಆನ್ ಆಗೋದು ಯಾಕೆ ಅಂತ ಇಲ್ಲೇ ಅರ್ಥ ಆಗತ್ತೆ.

ಇದರ ಇನ್ನೊಂದು ಪಾಠ: ಹೈ ಇರೋ ಪಿನ್ನನ್ನ ವೈರಲ್ಲಿ ನೇರ ಗ್ರೌಂಡಿಗೆ, ಅಥ್ವಾ ಲೋ ಇರೋ ಪಿನ್ನನ್ನ ನೇರ 5 ವೋಲ್ಟಿಗೆ ಮುಟ್ಟಿಸಿದ್ರೆ ತಳ್ಳೋದಕ್ಕೂ ಎಳೆಯೋದಕ್ಕೂ ಜಗಳ, ಆ ಪಿನ್ ಹೋಯ್ತು. ಈ ಪ್ರಯೋಗ ಮಾತ್ರ ಮಾಡಿ ನೋಡ್ಬೇಡಿ.

ಹಂತ 5: ಯಾರಿಗೂ ಸೇರದ ಇನ್‌ಪುಟ್ ಪಿನ್

ಇಲ್ಲಿ ನಿಧಾನ ಮಾಡಿ, ಅರ್ಧ ಗಂಟೆ ಇಲ್ಲೇ ಕಳೆದ್ರೂ ನಷ್ಟ ಇಲ್ಲ.

ಡಿಜಿಟಲ್ ಅನ್ನೋ ಗುಂಪಲ್ಲಿ ಬಟನ್ ಎಕ್ಸಾಂಪಲ್ ತೆಗೆದು ಅಪ್‌ಲೋಡ್ ಮಾಡಿ. ಅದು 2ನೇ ಪಿನ್ ಓದತ್ತೆ, ಹೈ ಇದ್ರೆ 13ರ ಲೈಟ್ ಹಚ್ಚತ್ತೆ, ಅಷ್ಟೇ. ಬಟನ್ ಹಾಕ್ಬೇಡಿ. 2ನೇ ಪಿನ್‌ಗೆ ಒಂದು ಉದ್ದ ಜಂಪರ್ ವೈರ್ ಚುಚ್ಚಿ, ಇನ್ನೊಂದು ತುದಿ ಗಾಳೀಲಿ ಬಿಡಿ. ಈಗ ಕೈಯನ್ನ ನಿಧಾನವಾಗಿ ವೈರ್ ಹತ್ರ ತನ್ನಿ, ಮುಟ್ಟೋದು ಕೂಡ ಬೇಡ. ಲೈಟ್ ನಡುಗೋಕೆ ಶುರು ಆಗತ್ತೆ, ಕೈ ದೂರ ತಗೊಂಡ್ರೆ ಒಂದೊಂದ್ಸಲ ಆರತ್ತೆ, ಒಂದೊಂದ್ಸಲ ಹತ್ತಿಕೊಂಡೇ ಉಳಿಯತ್ತೆ. ವೈರಿನ ಪ್ಲಾಸ್ಟಿಕ್ ಮೇಲೆ ಬೆರಳಿಟ್ರೆ ಮಂಕಾಗಿ ಹತ್ತಿದ ಹಾಗೆ ಕಾಣಬಹುದು, ಅದು ಮಂಕಲ್ಲ, ಕಣ್ಣಿಗೆ ಹಿಡಿಯದಷ್ಟು ಬೇಗ ಹತ್ತಿ ಆರ್ತಿದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಒಂದ್ಸಲ, ಹಾಕಿ ಒಂದ್ಸಲ ನೋಡಿ, ವರ್ತನೆ ಬದಲಾಗೋದು ಬಹಳ ಕಡೆ ಕಾಣತ್ತೆ.

ಆಗ್ತಿರೋದು ಇಷ್ಟು. ಮನೆ ಗೋಡೆ ತುಂಬಾ 230 ವೋಲ್ಟ್, 50 ಹರ್ಟ್ಸ್ ಕರೆಂಟ್ ಓಡಾಡ್ತಿದೆ, ನಮ್ ಮೈಯೇ ಒಂದು ಆಂಟೆನಾ. ಇನ್‌ಪುಟ್ ಪಿನ್ ಎಷ್ಟು ಸೂಕ್ಷ್ಮ ಅಂದ್ರೆ ಅದು ಹೆಚ್ಚುಕಮ್ಮಿ ಕರೆಂಟೇ ತಗೊಳ್ಳಲ್ಲ, ಹಾಗಾಗಿ ಆ ಕಾಣದ ಎಳೆತಾನೇ ಅದನ್ನ ಮೇಲೆ ಕೆಳಗೆ ಅಲ್ಲಾಡ್ಸೋಕೆ ಸಾಕು. 5 ವೋಲ್ಟಲ್ಲಿ ನಡೆಯೋ ಈ ಚಿಪ್‌ಗೆ 1.5ಕ್ಕಿಂತ ಕೆಳಗಿದ್ರೆ ಖಂಡಿತ ಲೋ, 3ಕ್ಕಿಂತ ಮೇಲಿದ್ರೆ ಖಂಡಿತ ಹೈ, ನಡುವೆ ಇದ್ರೆ ಏನು ಬೇಕಾದ್ರೂ ಆಗಬಹುದು. ಇನ್ನೊಂದು ವಿಚಾರ, ಮೀಟರ್ ಪ್ರೋಬ್ ಇಟ್ಟ ತಕ್ಷಣ ಲೈಟ್ ಸುಮ್ಮನಾಗಬಹುದು, ಯಾಕಂದ್ರೆ ಮೀಟರ್ ಒಳಗಿನ ದೊಡ್ಡ ರೆಸಿಸ್ಟೆನ್ಸೇ ಪಿನ್ನನ್ನ ಗ್ರೌಂಡ್ ಕಡೆಗೆ ಹಿಡ್ಕೊಳ್ಳತ್ತೆ. "ಮೀಟರ್ ಇಟ್ರೆ ಸರಿ ಹೋಗತ್ತೆ ಸರ್, ತೆಗೆದ್ರೆ ಹಾಳಾಗತ್ತೆ" ಅಂತ ಯಾರಾದ್ರೂ ಹೇಳಿದ್ರೆ ನೋಡೋದೇ ಬೇಡ, ಅದು ತೇಲ್ತಿರೋ ಪಿನ್.

ನನ್ನ ಹತ್ರ ಒಬ್ಬ ಹುಡುಗ ಸಂಪ್‌ನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರು ಹತ್ತಿಸೋ ಪ್ರಾಜೆಕ್ಟ್ ತಂದಿದ್ದ. ಟೇಬಲ್ ಮೇಲೆ ಸರಿಯಾಗೇ ನಡೀತಿತ್ತಂತೆ, ಟೆರೇಸ್ ಮೇಲಿನ ಫ್ಲೋಟ್ ಸ್ವಿಚ್‌ವರೆಗೆ ವೈರ್ ಎಳೆದ ದಿನದಿಂದ ಟ್ಯಾಂಕ್ ತುಂಬಿದ್ರೂ ಮೋಟರ್ ತಾನಾಗೇ ಆನ್ ಆಗ್ತಿತ್ತು. ಕೋಡನ್ನ ನಾಲ್ಕು ಸಲ ಹೊಸದಾಗಿ ಬರೆದಿದ್ದ ಪಾಪ. ಸ್ವಿಚ್ ತೆರೆದಾಗ ಪಿನ್ನನ್ನ ಹಿಡ್ಕೊಳ್ಳೋಕೆ ಏನೂ ಇರ್ಲಿಲ್ಲ, ಅಷ್ಟುದ್ದದ ವೈರ್ ಮೋಟರ್ ಕರೆಂಟ್ ಲೈನ್ ಪಕ್ಕದಲ್ಲೇ ಇಳಿದಿತ್ತು. ಒಂದು 4.7ಕೆ ರೆಸಿಸ್ಟರನ್ನ ಪಿನ್ ಮತ್ತು 5 ವೋಲ್ಟ್ ನಡುವೆ ಹಾಕಿ, ಸ್ವಿಚ್ಚನ್ನ ಗ್ರೌಂಡ್ ಕಡೆಗೆ ಮಾಡಿದ್ಮೇಲೆ ನಿಂತಿತು.

ಹಂತ 6: ಬಟನ್ ಹಾಕೋದು, ಪಿನ್ನನ್ನ ಹಿಡಿದು ಕೂರಿಸೋದು

ಬಟನ್‌ಗೆ ನಾಲ್ಕು ಕಾಲು, ಆದ್ರೆ ಒಳಗೆ ಎರಡೆರಡು ಜೋಡಿಯಾಗಿ ಯಾವಾಗ್ಲೂ ಸೇರಿರತ್ತೆ. ತಪ್ಪು ಜೋಡಿಗೆ ವೈರ್ ಹಾಕಿದ್ರೆ ಯಾವಾಗ್ಲೂ ಒತ್ತಿದ ಹಾಗೇ ಇರತ್ತೆ. ಸುಲಭ ಉಪಾಯ, ಮೂಲೆಯಿಂದ ಎದುರು ಮೂಲೆಗೆ, ಅಂದ್ರೆ ಓರೆಯಾಗಿರೋ ಎರಡು ಕಾಲಿಗೆ ಹಾಕಿ, ತಪ್ಪೋಕೆ ಸಾಧ್ಯ ಇಲ್ಲ.

ಮೊದಲ ವಿಧಾನ: ಬಟನ್‌ನ ಒಂದು ಕಾಲು 5 ವೋಲ್ಟಿಗೆ, ಇನ್ನೊಂದು 2ನೇ ಪಿನ್‌ಗೆ, ಅದೇ 2ನೇ ಪಿನ್‌ನಿಂದ 10ಕೆ ರೆಸಿಸ್ಟರ್ ಗ್ರೌಂಡಿಗೆ. ಬಟನ್ ಎಕ್ಸಾಂಪಲ್ ಹಾಗೇ ನಡೀಲಿ. ಬಿಟ್ಟಾಗ ರೆಸಿಸ್ಟರ್ ಮೆತ್ತಗೆ ಕೆಳಗೆ ಎಳೆದಿಟ್ಟಿರತ್ತೆ, ಒತ್ತಿದಾಗ ಬಟನ್ ಗೆಲ್ಲತ್ತೆ. ಈಗ ಕೈ ಹತ್ರ ತಂದು ನೋಡಿ, ಅಲ್ಲಾಡಲ್ಲ. ಆ ಒಂದೇ ರೆಸಿಸ್ಟರ್ ಕಿತ್ತು ನೋಡಿ, ಮತ್ತೆ ಹುಚ್ಚಾಟ. ಎರಡು ಮೂರು ಸಲ ಹಾಕಿ ತೆಗೆದು ಮಾಡಿ.

ಎರಡನೇ ವಿಧಾನ, ದಿನಾ ಬಳಸೋದು: ರೆಸಿಸ್ಟರ್ ತೆಗೆದಿಡಿ, ಬಟನ್‌ನ ಒಂದು ಕಾಲು ಗ್ರೌಂಡಿಗೆ, ಇನ್ನೊಂದು 2ನೇ ಪಿನ್‌ಗೆ. ಡಿಜಿಟಲ್ ಇನ್‌ಪುಟ್ ಪುಲ್‌ಅಪ್ ಅನ್ನೋ ಎಕ್ಸಾಂಪಲ್ ಹಾಕಿ, ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸೋದನ್ನ ಕಂಪ್ಯೂಟರಲ್ಲಿ ತೋರ್ಸೋ ಕಿಟಕಿ) ತೆಗೆದು ವೇಗ 9600 ಆರಿಸಿ. ಬಿಟ್ಟಾಗ 1, ಒತ್ತಿದಾಗ 0. ಇದು ಉಲ್ಟಾ ಅಂತ ಗಾಬರಿ ಬೇಡ, ಚಿಪ್ ಒಳಗಿನ ರೆಸಿಸ್ಟರ್ ಮೇಲಕ್ಕೆ ಎಳೆದಿದೆ, ಬಟನ್ ಕೆಳಕ್ಕೆ ಎಳೆಯತ್ತೆ. ಸೀರಿಯಲ್ ಮಾನಿಟರಲ್ಲಿ ಏನೇನೋ ಚಿಹ್ನೆ ಬಂದ್ರೆ ವೇಗದ ನಂಬರ್ ಹೊಂದಿಲ್ಲ ಅಂತ. 0 ಮತ್ತು 1ನೇ ಪಿನ್‌ಗೆ ಬಟನ್ ಹಾಕ್ಬೇಡಿ, ಅವು ಕಂಪ್ಯೂಟರ್ ಜೊತೆ ಮಾತಾಡೋ ದಾರಿ, ಅಪ್‌ಲೋಡೇ ನಿಂತುಹೋಗತ್ತೆ.

ಒಳಗಿನ ರೆಸಿಸ್ಟರ್ ಎಷ್ಟಿದೆ ಅಂತ ನೀವೇ ಅಳೀಬಹುದು. ಬಟನ್ ತೆಗೆದು 2ನೇ ಪಿನ್ ಮತ್ತು ಗ್ರೌಂಡ್ ನಡುವೆ 10ಕೆ ಹಾಕಿ ಅದರ ಮೇಲಿನ ವೋಲ್ಟೇಜ್ ನೋಡಿ. 1.1 ವೋಲ್ಟ್ ಬಂತು ಅಂದ್ರೆ ಉಳಿದ 3.9 ಒಳಗಿನದರ ಮೇಲಿದೆ, ಅದು ಸುಮಾರು ಮೂರೂವರೆ ಪಟ್ಟು, ಅಂದ್ರೆ 35ಕೆ. ತಯಾರಕರು ಕೊಟ್ಟಿರೋ ಮಿತಿ 20ರಿಂದ 50ಕೆ. ಟೇಬಲ್ ಮೇಲಿನ ಗಿಡ್ಡ ವೈರ್‌ಗೆ ಇದು ಧಾರಾಳ, ಟೆರೇಸ್‌ವರೆಗಿನ ವೈರ್‌ಗೆ ಮೆತ್ತಗಾಯ್ತು, ಅಲ್ಲಿ ಹೊರಗಿಂದ 4.7ಕೆ ಅಥ್ವಾ ಇನ್ನೂ ಕಮ್ಮಿದು ಹಾಕ್ಬೇಕು.

ಹಂತ 7: ಒಂದು ಸಲ ಒತ್ತಿದ್ರೆ ನಾಲ್ಕು ಸಲ ಅನ್ನೋದು

ಸ್ಟೇಟ್ ಚೇಂಜ್ ಡಿಟೆಕ್ಷನ್ ಅನ್ನೋ ಎಕ್ಸಾಂಪಲ್ ತಗೊಳ್ಳಿ, ಇದಕ್ಕೆ ಮೊದಲ ವಿಧಾನದ ವೈರಿಂಗ್ ಬೇಕು, ಗ್ರೌಂಡಿಗೆ 10ಕೆ ಇರೋದು. ಅದರಲ್ಲಿ ಡಿಲೇ 50 ಅಂತ ಒಂದು ಸಾಲಿದೆ, ಅದನ್ನ ಅಳಿಸಿ ಅಪ್‌ಲೋಡ್ ಮಾಡಿ. ಬಟನ್ನನ್ನ ಎಣಿಸಿ ಇಪ್ಪತ್ತು ಸಲ ಒತ್ತಿ, ಸೀರಿಯಲ್ ಮಾನಿಟರಲ್ಲಿ ಎಷ್ಟು ತೋರ್ಸತ್ತೆ ನೋಡಿ. ಜಾಸ್ತಿ ತೋರ್ಸೋದು ಸಾಮಾನ್ಯ, ಒಳಗಿನ ಲೋಹದ ಪಟ್ಟಿ ಕೂರೋ ಮುಂಚೆ ಕೆಲವು ಮಿಲಿಸೆಕೆಂಡ್ ಕುಪ್ಪಳಿಸತ್ತೆ, ಚಿಪ್‌ನ ವೇಗ 16 ಮೆಗಾಹರ್ಟ್ಸ್, ಅದಕ್ಕೆ ಪ್ರತಿ ಕುಪ್ಪಳನೂ ಹೊಸ ಒತ್ತು. ಹೊಸ ಬಟನ್ ಚೆನ್ನಾಗಿದ್ರೆ ಕಾಣದೇನೂ ಇರಬಹುದು, ಆವಾಗ ಬಟನ್ ಬದಲು ಎರಡು ವೈರ್ ತುದಿನ ಕೈಯಲ್ಲಿ ತಾಗಿಸಿ ನೋಡಿ.

ಡಿಲೇ ವಾಪಸ್ ಹಾಕಿದ್ರೆ ಸರಿ ಹೋಗತ್ತೆ, ಆದ್ರೆ ಡಿಲೇ ಇರೋವಷ್ಟು ಹೊತ್ತು ಚಿಪ್ ಬೇರೆ ಏನೂ ನೋಡಲ್ಲ. ಹಾಗಾಗಿ ಇದಾದ್ಮೇಲೆ ಡಿಬೌನ್ಸ್ ಎಕ್ಸಾಂಪಲ್, ಆಮೇಲೆ ಬ್ಲಿಂಕ್ ವಿತೌಟ್ ಡಿಲೇ, ಈ ಎರಡನ್ನ ಸಾಲು ಸಾಲಾಗಿ ಓದಿ. ಬಟನ್ ಒಂದೊಂದ್ಸಲ ಕೇಳಲ್ಲ ಅನ್ನೋ ದೂರಿಗೆ ಕಾರಣ ಬಹಳ ಸಲ ಕೋಡಲ್ಲೆಲ್ಲೋ ಕೂತಿರೋ ಡಿಲೇ 1000.

ಹಂತ 8: ಅನಲಾಗ್ ಇನ್‌ಪುಟ್

ಪೊಟೆನ್ಶಿಯೋಮೀಟರ್‌ನ ಎರಡು ಕೊನೆ ಕಾಲು 5 ವೋಲ್ಟಿಗೆ ಮತ್ತು ಗ್ರೌಂಡಿಗೆ, ಮಧ್ಯದ ಕಾಲು ಎ0 ಅನ್ನೋ ಅನಲಾಗ್ ಪಿನ್‌ಗೆ, ಅಂದ್ರೆ ವೋಲ್ಟೇಜ್ ಎಷ್ಟಿದೆ ಅಂತ ಓದೋ ಪಿನ್‌ಗೆ. ಮಧ್ಯದ್ದನ್ನ 5 ವೋಲ್ಟಿಗೆ ಹಾಕಿ ಕೊನೇದನ್ನ ಗ್ರೌಂಡಿಗೆ ಹಾಕಿದ್ರೆ ತಿರುಗಿಸ್ತಾ ಹೋದ ಹಾಗೆ ಶಾರ್ಟ್ ಆಗತ್ತೆ, ನಾಬ್ ಬೆಚ್ಚಗಾದ್ರೆ ತಕ್ಷಣ ಯುಎಸ್‌ಬಿ ಕೀಳಿ. ಅನಲಾಗ್ ರೀಡ್ ಸೀರಿಯಲ್ ಎಕ್ಸಾಂಪಲ್ ಹಾಕಿ, ಡಿಲೇ 1 ಅಂತಿರೋದನ್ನ 200 ಮಾಡಿ, ಇಲ್ಲಾಂದ್ರೆ ನಂಬರ್ ಓಡೋದನ್ನ ಕಣ್ಣು ಹಿಡಿಯಲ್ಲ.

ತಿರುಗಿಸಿದ್ರೆ 0ಯಿಂದ 1023ವರೆಗೆ ಬರತ್ತೆ. 5 ವೋಲ್ಟನ್ನ 1024 ಮೆಟ್ಟಿಲು ಮಾಡಿದ್ದಾರೆ, ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. 512 ಹತ್ರ ನಿಲ್ಲಿಸಿ ಮೀಟರಲ್ಲಿ ಅಳೀರಿ, 2.5 ಆಸುಪಾಸು ಬರ್ಬೇಕು. ಸ್ವಲ್ಪ ವ್ಯತ್ಯಾಸ ಬಂದ್ರೆ ಬೋರ್ಡ್‌ನ 5 ವೋಲ್ಟ್ ಪಿನ್ ಅಳೆದು ನೋಡಿ, ಯುಎಸ್‌ಬಿಯಿಂದ ಬರೋದು 4.8 ಇರಬಹುದು 5.1 ಇರಬಹುದು, ಚಿಪ್ ಅದನ್ನೇ ಪೂರ್ತಿ ಅಂತ ತಿಳ್ಕೊಂಡು ಲೆಕ್ಕ ಹಾಕತ್ತೆ. ಈಗ ಎ0 ವೈರ್ ಕಿತ್ತು ಗಾಳೀಲಿ ಬಿಡಿ, ಐದನೇ ಹಂತದ್ದೇ ಕುಣಿತ ಇಲ್ಲಿ ನಂಬರ್ ರೂಪದಲ್ಲಿ ಕಾಣತ್ತೆ. ಸೆನ್ಸರ್ ಕೊಡ್ತಿರೋ ನಂಬರ್ ಇದೇ ಥರ ಅಲೀತಿದ್ರೆ ಸೆನ್ಸರ್ ಹಾಳಾಗಿದೆ ಅಂತ ಎಸೀಬೇಡಿ, ವೈರ್ ಕೂತಿದ್ಯಾ ನೋಡಿ.

ಆಮೇಲೆ ಪೊಟೆನ್ಶಿಯೋಮೀಟರ್ ತೆಗೆದು ಎಲ್‌ಡಿಆರ್ ಹಾಕಿ: ಎಲ್‌ಡಿಆರ್ 5 ವೋಲ್ಟ್ ಮತ್ತು ಎ0 ನಡುವೆ, 10ಕೆ ರೆಸಿಸ್ಟರ್ ಎ0 ಮತ್ತು ಗ್ರೌಂಡ್ ನಡುವೆ. ಬೆಳಕು ಬಿದ್ರೆ ಎಲ್‌ಡಿಆರ್ ರೆಸಿಸ್ಟೆನ್ಸ್ ಇಳಿಯತ್ತೆ, ನಂಬರ್ ಏರತ್ತೆ. ಚಿಪ್‌ಗೆ ರೆಸಿಸ್ಟೆನ್ಸ್ ಅಳೆಯೋಕೆ ಬರಲ್ಲ, ವೋಲ್ಟೇಜ್ ಮಾತ್ರ ಬರತ್ತೆ, ಅದಕ್ಕೇ ಈ ಜೋಡಿ. 10ಕೆ ಇಲ್ದೇ ಬರೀ ಎಲ್‌ಡಿಆರ್ ಹಾಕಿದವ್ರಿಗೆ ಯಾವಾಗ್ಲೂ 1023 ಹತ್ರಾನೇ ಬರತ್ತೆ. ಎಲ್ಎಂ35 ಟೆಂಪರೇಚರ್ ಸೆನ್ಸರ್ ಇದ್ರೆ ಅದನ್ನೂ ನೋಡಿ, ಒಂದು ಡಿಗ್ರಿಗೆ 10 ಮಿಲಿವೋಲ್ಟ್, 25 ಡಿಗ್ರಿಗೆ ಸುಮಾರು 51 ಬರತ್ತೆ. ಅದನ್ನ ತಿರುಗು ಮುರುಗು ಹಾಕಿದ್ರೆ ಬೆರಳು ಸುಡೋಷ್ಟು ಬಿಸಿ ಆಗತ್ತೆ, ಪವರ್ ಕೊಡೋ ಮುಂಚೆ ಕಾಲು ಎರಡು ಸಲ ನೋಡಿ.

ಹಂತ 9: ಪಿಡಬ್ಲ್ಯುಎಂ (ಪಲ್ಸ್ ವಿಡ್ತ್ ಮಾಡ್ಯುಲೇಷನ್), ಬೇಗ ಬೇಗ ಆನ್ ಆಫ್ ಮಾಡಿ ಬೆಳಕು ಹೆಚ್ಚುಕಮ್ಮಿ ಮಾಡೋದು

ಎಲ್ಇಡಿ ಮತ್ತು 220 ಓಮ್ ಅನ್ನ 9ನೇ ಪಿನ್‌ಗೆ ಹಾಕಿ, ಬೇಸಿಕ್ಸ್‌ನಲ್ಲಿರೋ ಫೇಡ್ ಎಕ್ಸಾಂಪಲ್ ಹಾಕಿ. ಮೆಲ್ಲಗೆ ಏರಿ ಇಳಿಯತ್ತೆ. ಪಿನ್ ನಿಜವಾಗ್ಲೂ ಅರ್ಧ ವೋಲ್ಟೇಜ್ ಕೊಡ್ತಿಲ್ಲ, ಸೆಕೆಂಡಿಗೆ ಸುಮಾರು 490 ಸಲ ಆನ್ ಆಫ್ ಮಾಡ್ತಿದೆ, ಆನ್ ಇರೋ ಹೊತ್ತು ಮಾತ್ರ ಬದಲಾಗ್ತಿದೆ. ಎಲ್ಇಡಿನ ಉದ್ದ ವೈರಲ್ಲಿ ಕಟ್ಟಿ ಕತ್ತಲೆ ಕೋಣೇಲಿ ಜೋರಾಗಿ ಅತ್ತಿತ್ತ ಬೀಸಿ, ಗೆರೆ ಬದಲು ಚುಕ್ಕಿ ಚುಕ್ಕಿ ಕಾಣತ್ತೆ.

ಇದು 3, 5, 6, 9, 10, 11 ಈ ಆರು ಪಿನ್ನಲ್ಲಿ ಮಾತ್ರ, ಬೋರ್ಡ್ ಮೇಲೆ ನಂಬರ್ ಪಕ್ಕ ಅಲೆ ಥರ ಗುರುತಿರತ್ತೆ. 8ಕ್ಕೆ ಬದಲಾಯಿಸಿ ನೋಡಿ, ಮೆಲ್ಲಗೆ ಏರಲ್ಲ, ಅರ್ಧ ದಾರೀಲಿ ಟಕ್ ಅಂತ ಹತ್ತಿ ಟಕ್ ಅಂತ ಆರತ್ತೆ. ಈ ಲಕ್ಷಣ ಕಂಡ್ರೆ ಪಿನ್ ನಂಬರ್ ತಪ್ಪು, ಎಲ್ಇಡಿ ಅಲ್ಲ.

ಹಂತ 10: ಪಿನ್‌ಗೆ ಹೊರಲಾರದ ಭಾರ

5 ವೋಲ್ಟ್ ರಿಲೇಯ ಕಾಯಿಲ್ ಮೀಟರಲ್ಲಿ ಅಳೀರಿ, ಅಂಗಡೀಲಿ ಸಿಗೋ ನೀಲಿ ಡಬ್ಬಿ ರಿಲೇ ಸುಮಾರು 70 ಓಮ್ ತೋರ್ಸತ್ತೆ. 5ನ್ನ 70ರಿಂದ ಭಾಗಿಸಿದ್ರೆ 71 ಮಿಲಿಆಂಪ್. ಪಿನ್‌ಗೆ 20 ಆರಾಮ್ ಅಂದ್ವಿ, ಮೂರೂವರೆ ಪಟ್ಟು ಜಾಸ್ತಿ. ಮೂರನೇ ಹಂತ ಮಾಡಿದವ್ರು ರಿಲೇನ ನೇರ ಪಿನ್‌ಗೆ ಹಾಕಲ್ಲ.

ಬಿಸಿ547 ಟ್ರಾನ್ಸಿಸ್ಟರ್ ಚಪ್ಪಟೆ ಮುಖ ನಿಮ್ ಕಡೆ, ಕಾಲು ಕೆಳಗೆ ಇಟ್ಕೊಂಡ್ರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರ್ ಗ್ರೌಂಡಿಗೆ. 8ನೇ ಪಿನ್‌ನಿಂದ 1ಕೆ ಮೂಲಕ ಬೇಸಿಗೆ. ರಿಲೇ ಕಾಯಿಲ್‌ನ ಒಂದು ತುದಿ 5 ವೋಲ್ಟಿಗೆ, ಇನ್ನೊಂದು ಕಲೆಕ್ಟರಿಗೆ. ಕಾಯಿಲ್‌ಗೆ ಅಡ್ಡಲಾಗಿ 1ಎನ್4007, ಬೆಳ್ಳಿ ಪಟ್ಟಿ ಇರೋ ತುದಿ 5 ವೋಲ್ಟ್ ಕಡೆ. ಡಯೋಡ್ ಉಲ್ಟಾ ಆದ್ರೆ ಆನ್ ಮಾಡಿದ್ ತಕ್ಷಣ ಟ್ರಾನ್ಸಿಸ್ಟರ್ ಸುಡತ್ತೆ. ಡಯೋಡೇ ಇಲ್ದಿದ್ರೆ ಆಫ್ ಮಾಡಿದಾಗ ಕಾಯಿಲ್ ಹೊಡೆಯೋ ಹೈ ವೋಲ್ಟೇಜ್ ಟ್ರಾನ್ಸಿಸ್ಟರನ್ನ ನಿಧಾನಕ್ಕೆ ಕೊಲ್ಲತ್ತೆ, ಬೋರ್ಡ್ ಕೂಡ ಆಗಾಗ ರೀಸೆಟ್ ಆಗತ್ತೆ. ಹಂತ ಮೂರರ ಬ್ಲಿಂಕ್ ಹಾಕಿ, ಡಿಲೇ 2000 ಮಾಡಿ, ಟಿಕ್ ಟಿಕ್ ಶಬ್ದ ಬರ್ಬೇಕು.

ಬಿಸಿ547ಗೆ 100 ಮಿಲಿಆಂಪ್ ಮಿತಿ, ಆಟಿಕೆ ಮೋಟರ್ ಅದಕ್ಕಿಂತ ಜಾಸ್ತಿ ಎಳೆಯತ್ತೆ, ಅದಕ್ಕೆ ದೊಡ್ಡ ಟ್ರಾನ್ಸಿಸ್ಟರ್ ಮತ್ತು ಬೇರೆ ಬ್ಯಾಟರಿ ಬೇಕು. ಬೇರೆ ಬ್ಯಾಟರಿ ಬಳಸಿದಾಗ ಅದರ ಮೈನಸ್ ಮತ್ತು ಬೋರ್ಡ್‌ನ ಗ್ರೌಂಡ್ ಸೇರ್ಲೇಬೇಕು, ಇಲ್ಲಾಂದ್ರೆ ಟ್ರಾನ್ಸಿಸ್ಟರಿಗೆ ಪಿನ್ ಹೇಳೋದು ಕೇಳ್ಸೋದೇ ಇಲ್ಲ. ರಿಲೇ ಕಾಂಟ್ಯಾಕ್ಟಿಗೆ 230 ವೋಲ್ಟ್ ಮಾತ್ರ ಬ್ರೆಡ್‌ಬೋರ್ಡ್ ಮೇಲೆ ಯಾವ ಕಾರಣಕ್ಕೂ ತರ್ಬೇಡಿ, ದಯವಿಟ್ಟು. ಕಲಿಯೋವಾಗ ಕಾಂಟ್ಯಾಕ್ಟಲ್ಲಿ ಬ್ಯಾಟರಿ ಮತ್ತು ಸಣ್ಣ ಬಲ್ಬ್ ಸಾಕು.

ತಕ್ಷಣ ಯುಎಸ್‌ಬಿ ಕೀಳ್ಬೇಕಾದ ಲಕ್ಷಣಗಳು

ವೈರ್ ಚುಚ್ಚಿದ್ ಕೂಡ್ಲೇ ಬೋರ್ಡ್‌ನ ಪವರ್ ಲೈಟ್ ಆರಿದ್ರೆ, ಅಥ್ವಾ ಕಂಪ್ಯೂಟರಲ್ಲಿ ಪೋರ್ಟ್ ಮಾಯ ಆದ್ರೆ 5 ವೋಲ್ಟ್ ಮತ್ತು ಗ್ರೌಂಡ್ ಎಲ್ಲೋ ಸೇರಿದೆ. ದೊಡ್ಡ ಕಪ್ಪು ಚಿಪ್ ಮೇಲೆ ಬೆರಳಿಟ್ರೆ ಸಾಮಾನ್ಯವಾಗಿ ಬಿಸಿ ಗೊತ್ತಾಗಲ್ಲ, ಗೊತ್ತಾದ್ರೆ ಯಾವುದೋ ಪಿನ್ ಕಷ್ಟದಲ್ಲಿದೆ. ರಿಲೇ ಅಥ್ವಾ ಮೋಟರ್ ಆನ್ ಆದಾಗ 13ರ ಲೈಟ್ ಪಟಪಟ ಮಿಣುಕಿ ಪ್ರೋಗ್ರಾಂ ಮೊದಲಿಂದ ಶುರುವಾದ್ರೆ 5 ವೋಲ್ಟ್ ಕುಸೀತಿದೆ. ಒಂದು ಪಿನ್ ಮಾತ್ರ ಏನ್ ಮಾಡಿದ್ರೂ ಒಂದೇ ಸ್ಥಿತೀಲಿದ್ರೆ ಅದು ಹೋಗಿದೆ, ಬೇರೆ ಪಿನ್ ಬಳಸಿ, ಬೋರ್ಡ್ ಎಸೆಯೋದು ಬೇಡ.

ಊನೊ ಬದಲು ಇಎಸ್‌ಪಿ32 ಅಥ್ವಾ ಪೈಕೊ ಅನ್ನೋ ಬೋರ್ಡ್ ಇಟ್ಕೊಂಡಿರೋರಿಗೆ: ಇವೇ ಪ್ರಯೋಗ ಮಾಡಬಹುದು, ಆದ್ರೆ ಅವು 3.3 ವೋಲ್ಟ್ ಚಿಪ್, ರಿಲೇ ಕಾಯಿಲ್ ಒಂದು ಬಿಟ್ಟು ಮೇಲೆ 5 ವೋಲ್ಟ್ ಅಂತ ಬರೆದಿರೋ ಕಡೆಯೆಲ್ಲಾ 3.3 ವೋಲ್ಟಿಗೆ ಹಾಕಿ, ಪಿನ್ ನಂಬರ್ ಮತ್ತು ಕರೆಂಟ್ ಮಿತಿನೂ ಬೇರೆ. ಇನ್‌ಪುಟ್ ಪಿನ್‌ಗೆ 5 ಕೊಟ್ರೆ ಹಾಳಾಗತ್ತೆ. ಮೊದಲ ಪೀಳಿಗೆ ಇಎಸ್‌ಪಿ32ರಲ್ಲಿ 34ರಿಂದ 39ರ ಪಿನ್‌ಗಳು ಇನ್‌ಪುಟ್ ಮಾತ್ರ, ಒಳಗೆ ಪುಲ್‌ಅಪ್ ಕೂಡ ಇಲ್ಲ, ಅಲ್ಲಿ ಹೊರಗಿನ ರೆಸಿಸ್ಟರ್ ಕಡ್ಡಾಯ.

ಹಂತ 11: ಎಲ್ಲಾ ಸೇರಿಸಿ ಒಂದು

ಎಂಟರ ಎಲ್‌ಡಿಆರ್, ಹತ್ತರ ರಿಲೇ, ಕತ್ತಲಾದ್ರೆ ಬಲ್ಬ್ ಹತ್ಬೇಕು. ಎ0 ನಂಬರ್ 350ಕ್ಕಿಂತ ಕಮ್ಮಿ ಇದ್ರೆ ಆನ್, ಇಲ್ದಿದ್ರೆ ಆಫ್ ಅಂತ ನೀವೇ ಬರೀರಿ, ನಿಮ್ ಕೋಣೆ ಬೆಳಕಿಗೆ ತಕ್ಕಂತೆ ನಂಬರ್ ಆರಿಸ್ಕೊಳ್ಳಿ. ಕೈಯಿಂದ ಎಲ್‌ಡಿಆರನ್ನ ಬಹಳ ನಿಧಾನವಾಗಿ ಮುಚ್ಚಿ. ಸರಿಯಾಗಿ 350ರ ಹತ್ರ ಬಂದಾಗ ರಿಲೇ ಕಟಕಟಕಟ ಅಂತ ಹೊಡ್ಕೊಳ್ಳೋಕೆ ಶುರುವಾಗತ್ತೆ, ನಂಬರ್ 349, 351 ಅಂತ ಅಲ್ಲಾಡ್ತಿರತ್ತಲ್ಲ. ಬಲ್ಬ್ ಬೆಳಕು ಎಲ್‌ಡಿಆರ್ ಮೇಲೇ ಬಿದ್ರಂತೂ ಹತ್ತೋದು, ಬೆಳಕು ಬಂತು ಅಂತ ಆರೋದು, ಮತ್ತೆ ಹತ್ತೋದು, ನಿಲ್ಲೋದೇ ಇಲ್ಲ.

ಮೊದ್ಲು ಬಲ್ಬನ್ನ ಎಲ್‌ಡಿಆರ್‌ಗೆ ಕಾಣದ ಹಾಗೆ ತಿರುಗಿಸಿ. ಆಮೇಲೆ ಒಂದು ನಂಬರ್ ಬದಲು ಎರಡು ಇಡಿ: 300ಕ್ಕಿಂತ ಇಳಿದ್ರೆ ಆನ್, 400 ದಾಟಿದ್ರೆ ಆಫ್, ನಡುವೆ ಇದ್ರೆ ಇದ್ದ ಹಾಗೇ ಇರಲಿ. ಮತ್ತೆ ಅಷ್ಟೇ ನಿಧಾನವಾಗಿ ಮುಚ್ಚಿ ನೋಡಿ, ಟಕ್ ಅಂತ ಒಂದೇ ಸಲ ಕೇಳ್ಸತ್ತೆ.